ಟ್ರಿನಿಟಿ ಚರ್ಚ್ ಟೂರ್: ಚರ್ಚಿಗೆ ಹೋಗಿ, ಟೂರ್ ಬೇಡ

ಐದಕ್ಕೆ ಮೂರು ಸ್ಟಾರ್. ಅದೂ ಚರ್ಚಿನ ಮುಖ ನೋಡಿ. ಬರೀ ಟೂರಿಗೆ ಅಂದರೆ ಒಂದೂವರೆ.

ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಬ್ರಾಡ್‌ವೇಗೆ ಬಂದು ಸೇರುವ ಕಡೆ, ಎದುರಿಗೇ ಟ್ರಿನಿಟಿ ಚರ್ಚ್ ಇದೆ. 'ಕಟ್ಟಿದವರ ಕಥೆ' ಹೇಳುತ್ತೇವೆ ಅಂತ ಹಾಕಿದ್ದರು, ಅದಕ್ಕೇ ದುಡ್ಡು ಕಟ್ಟಿದ್ದು. ಗೈಡ್ ಸಭ್ಯರು, ಮಾತೂ ಸ್ಪಷ್ಟ. ಆದರೆ ಅಂಗಳದಲ್ಲಿ ಅಮೆರಿಕದ ಮೊದಲ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸಮಾಧಿ ಹತ್ತಿರ ನಿಂತವರು ಕದಲಲೇ ಇಲ್ಲ. ಈ ಚರ್ಚಿನ ವಾಸ್ತುಶಿಲ್ಪಿ ರಿಚರ್ಡ್ ಅಪ್‌ಜಾನ್ ಹೆಸರು ಬಂದದ್ದು ಕಂಚಿನ ಬಾಗಿಲು ದಾಟುವಾಗ, ಒಂದೇ ಸಲ. ಆ ಬಾಗಿಲಾದರೂ ಅವನದ್ದಾ? ಅಲ್ಲ, ಅದು ಆಮೇಲೆ ರಿಚರ್ಡ್ ಮಾರಿಸ್ ಹಂಟ್ ಅನ್ನುವ ಇನ್ನೊಬ್ಬ ವಾಸ್ತುಶಿಲ್ಪಿ ಮಾಡಿದ ವಿನ್ಯಾಸ.

ಹೇಳಬೇಕಾಗಿದ್ದೇ ಅಪ್‌ಜಾನ್ ಕಥೆ. 1802ರಲ್ಲಿ ಇಂಗ್ಲೆಂಡಿನ ಶಾಫ್ಟ್ಸ್‌ಬರಿಯಲ್ಲಿ ಹುಟ್ಟಿದವನು. ಕಲಿತದ್ದು ಮರಗೆಲಸ, ಪೀಠೋಪಕರಣ ಮಾಡುವುದು. 1829ರಲ್ಲಿ ಹೆಂಡತಿ ಮಕ್ಕಳ ಜೊತೆ ಅಮೆರಿಕಕ್ಕೆ ಬಂದ. ಹತ್ತು ವರ್ಷದ ಮೇಲೆ ಟ್ರಿನಿಟಿಯವರು ಕರೆದದ್ದು ಹಳೇ ಚರ್ಚನ್ನು ಸರಿ ಮಾಡಿಕೊಡು ಅಂತ. ಹಿಮದ ಭಾರಕ್ಕೆ ಆ ಕಟ್ಟಡ ಹಾಳಾಗಿತ್ತು. ಕೊನೆಗೆ ಅದನ್ನು ಕೆಡವಿ ಹೊಸದನ್ನೇ ಕಟ್ಟಿದರು. 1846ರಲ್ಲಿ ಮುಗಿಯಿತು. ಗೋಪುರ 281 ಅಡಿ. 1869ರವರೆಗೆ ಇಡೀ ಅಮೆರಿಕದಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಈಗ ಸುತ್ತಲ ಕಟ್ಟಡಗಳ ನಡುವೆ ಅದನ್ನು ಹುಡುಕಬೇಕು!

ಒಳಗೆ ಹೋದರೆ ದಯವಿಟ್ಟು ಕತ್ತೆತ್ತಿ ನೋಡಿ. ಗೋಡೆಯೆಲ್ಲ ನ್ಯೂಜೆರ್ಸಿಯ ಕಂದು ಮರಳುಗಲ್ಲು. ಮೇಲಿನ ಕಮಾನು ಚಾವಣಿಯೂ ಕಲ್ಲೇ ಅನಿಸುತ್ತದೆ, ಅಲ್ವಾ? ಅಲ್ಲ. ಮರದ ರೀಪರ್ ಮೇಲೆ ಮೆತ್ತಿದ ಗಾರೆ. ಕಲ್ಲಿನ ಹಾಗೆ ಕಾಣುವ ಗಾರೆ ಅಂತ ಆ ಕಾಲದಲ್ಲೇ ಟೀಕೆ ಬಂತು. ನಮ್ಮಪ್ಪ ಬಡಗಿ, ನನಗಂತೂ ಆ ಗಾರೆ ನೋಡಿ ಖುಷಿಯೇ ಆಯಿತು. ಕಮಾನಿನ ಏಣುಗಳು ಕಂಬಕ್ಕೆ ಬಂದು ಕೂಡುವ ಜಾಗ ನೋಡಿ, ಒಳ್ಳೆ ಬೀರುವಿನ ಮೂಲೆಯಷ್ಟು ನಾಜೂಕು. ಗೈಡ್ ಅದರ ಕೆಳಗೇ ನಿಂತು ಷೇರು ಮಾರುಕಟ್ಟೆ ಬಗ್ಗೆ ಮಾತಾಡುತ್ತಿದ್ದರು.

ಅಪ್‌ಜಾನ್ 1852ರಲ್ಲಿ ಹಳ್ಳಿ ಚರ್ಚುಗಳಿಗಾಗಿ ನಕ್ಷೆಗಳ ಪುಸ್ತಕವನ್ನೂ ತಂದ. ದುಡ್ಡಿಲ್ಲದ ಊರಿನವರು ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ, ಸಂದಿಗೆ ಪಟ್ಟಿ ಹೊಡೆದು ಕಟ್ಟಿಕೊಳ್ಳುವಂಥವು. ದೊಡ್ಡ ಚರ್ಚಿಗಿಂತ ಇದೇ ಜಾಸ್ತಿ ಉಪಕಾರ ಅಂತ ನನ್ನ ಲೆಕ್ಕ. 1857ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಘ ಹುಟ್ಟಿದ್ದೂ ಅವನ ಆಫೀಸಿನಲ್ಲೇ. ಮೊದಲ ಅಧ್ಯಕ್ಷನೂ ಅವನೇ. ಇದರಲ್ಲಿ ಒಂದು ಮಾತೂ ಟೂರಿನಲ್ಲಿ ಇಲ್ಲ.

ಹೋಗುವವರಿಗೆ: ಚರ್ಚಿನ ಪ್ರವೇಶಕ್ಕೆ ದುಡ್ಡಿಲ್ಲ. 4 ಅಥವಾ 5 ನಂಬರ್ ಸಬ್‌ವೇ ಹತ್ತಿ ವಾಲ್ ಸ್ಟ್ರೀಟಿನಲ್ಲಿ ಇಳಿದರೆ ಎದುರಿಗೇ ಸಿಗುತ್ತದೆ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಒಂದು ದಿನ ಬಿಡುವಿದ್ದರೆ ಗ್ರ್ಯಾಂಡ್ ಸೆಂಟ್ರಲ್‌ನಿಂದ ಹಡ್ಸನ್ ಲೈನ್ ರೈಲಿನಲ್ಲಿ ಗ್ಯಾರಿಸನ್‌ಗೆ ಹೋಗಿ ಬನ್ನಿ. ಅಲ್ಲಿನ ಸೇಂಟ್ ಫಿಲಿಪ್ಸ್ ಚರ್ಚೂ ಅವನದೇ, ಅವನ ಸಮಾಧಿಯೂ ಅಲ್ಲೇ ಇದೆ.