ಬಂದರಿಲ್ಲದ ದಿನವೇ ಚೆಂದ

ಕ್ರೂಸ್‌ನಲ್ಲಿ ನನಗೆ ಹಿಡಿಸಿದ್ದು ಊರು ಸುತ್ತಿದ್ದಲ್ಲ, ಹಡಗು ಎಲ್ಲೂ ನಿಲ್ಲದ ದಿನ. ಸುತ್ತ ನೀರು ಬಿಟ್ಟರೆ ಏನಿಲ್ಲ. ವೈಫೈಗೆ ಬೇರೆ ದುಡ್ಡು, ಬೇಕಂತಲೇ ತಗೊಳ್ಳಲಿಲ್ಲ. ಆಫೀಸಿನವರು ತಿಪ್ಪರಲಾಗ ಹಾಕಿದರೂ ನಾನು ಸಿಗೋ ಹಾಗಿರಲಿಲ್ಲ! ಫೋನ್ ಮಾತ್ರ ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದುಕೊಂಡರೆ ರೋಮಿಂಗ್ ಬಿಲ್ಲು ಜೇಬು ಸುಡುತ್ತೆ.

ಹೊರಡೋ ಗಳಿಗೆ ತಪ್ಪಿಸಿಕೊಳ್ಳಬೇಡಿ. ಸುರಕ್ಷತಾ ಕವಾಯತು ಮುಗಿಸಿ (ಅದು ಎಲ್ಲರಿಗೂ ಕಡ್ಡಾಯ, ಗೊಣಗಿ ಪ್ರಯೋಜನವಿಲ್ಲ) ಮೇಲಿನ ಡೆಕ್‌ಗೆ ಓಡಿ. ಹಗ್ಗ ಬಿಚ್ಚಿದ ಮೇಲೆ ದಡಕ್ಕೂ ಹಡಗಿಗೂ ನಡುವೆ ಗೇಣಗಲ ನೀರು ಕಾಣುತ್ತೆ, ನೋಡನೋಡುತ್ತಲೇ ಮಾರಗಲವಾಗುತ್ತೆ. ಬಂದರು ದಾಟಿದ ಮೇಲೆ ಇನ್ನೊಂದು ತಮಾಷೆ: ಬಂದರಿನಿಂದ ಹೊರಬರಲು ಹಡಗಿಗೆ ದಾರಿ ತೋರಿಸಿದ ಪೈಲಟ್ (ಬಂದರಿನ ಮಾರ್ಗದರ್ಶಿ), ಓಡುತ್ತಿರೋ ಹಡಗಿನ ಪಕ್ಕದಲ್ಲೇ ಹಗ್ಗದ ಏಣಿ ಇಳಿದು ಪುಟ್ಟ ದೋಣಿಗೆ ದಾಟಿಕೊಳ್ಳುತ್ತಾನೆ. ನೋಡಿದ ನನ್ನ ಅಂಗೈ ಬೆವರಿತ್ತು.

ವಾಂತಿ ಭಯವಿದ್ದರೆ ಹಡಗಿನ ನಟ್ಟನಡುವೆ, ಕೆಳ ಅಂತಸ್ತಿನ ಕೋಣೆ ಕೇಳಿ; ಅಲ್ಲಿ ಓಲಾಟ ಕಡಿಮೆ. ಶೋಗಳು ಪರವಾಗಿಲ್ಲ. ಈಜುಕೊಳದ ಹತ್ತಿರ ಮಾತ್ರ ರೇಗಿತು. ಬೆಳಗಾಗುವಷ್ಟರಲ್ಲಿ ಕುರ್ಚಿಗಳಿಗೆಲ್ಲ ಟವೆಲ್ ಹಾಸಿ ನಾಪತ್ತೆಯಾಗೋ ಮಹಾನುಭಾವರು! ಸಿಬ್ಬಂದಿಯೂ ಕಂಡೂ ಕಾಣದ ಹಾಗಿದ್ದರು. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಳೆದದ್ದು ಆ ಟವೆಲ್‌ಗಳಿಗಾಗಿ.