ಟೀ ಬಿಡುವು ಯಾವುದರಲ್ಲಿ ಸಿಗುತ್ತದೆ? ಮೂರು ಆನ್‌ಲೈನ್ ಲೋಕಗಳಲ್ಲಿ ನಮ್ಮ ಟ್ರೈನಿಂಗ್

ಚಿಂತಾಮಣಿ ಕಡೆಯ ನಮ್ಮಂಥ ಟೀಚರ್‌ಗಳಿಗೆ ಟ್ರೈನಿಂಗ್ ಅಂದರೆ ಓಓಡಿ (ಶಾಲೆಯ ಹೊರಗಿನ ಕೆಲಸಕ್ಕೆ ಹೋಗಿದ್ದೇವೆ ಅನ್ನುವ ಹಾಜರಿ) ಹಾಕಿಸಿಕೊಂಡು ಬಸ್ ಹತ್ತಿ, ಸಂಜೆವರೆಗೆ ಹಾಲ್‌ನಲ್ಲಿ ಕೂತು ಬರುವುದು. ನಿಜ ಹೇಳಲಾ? ನಾನು ಅಲ್ಲಿ ಕಲಿತದ್ದೆಲ್ಲ ಟೀ ಬಿಡುವಿನಲ್ಲಿ. ಒಬ್ಬಟ್ಟು ಹರಿದು ಭಿನ್ನರಾಶಿ ಹೇಳಿಕೊಡುವುದನ್ನು ಒಬ್ಬರು ಮೇಡಂ ಟೀ ಲೋಟ ಹಿಡಿದುಕೊಂಡೇ ಹೇಳಿಕೊಟ್ಟರು, ಆವತ್ತಿನ ಭಾಷಣ ಏನಿತ್ತೋ ನೆನಪಿಲ್ಲ.

2020ರ ಅಕ್ಟೋಬರ್‌ನಿಂದ ಟೀಚರ್‌ಗಳಿಗೆ ಕೇಂದ್ರ ಸರ್ಕಾರ ಕೊಡುವ ನಿಷ್ಠಾ ಟ್ರೈನಿಂಗ್, ದೀಕ್ಷಾ ಅನ್ನುವ ಸರ್ಕಾರಿ ಕಲಿಕಾ ವೇದಿಕೆಯಲ್ಲಿ ಆನ್‌ಲೈನ್ ಆಯಿತು. ಕೋರ್ಸ್ ಚೆನ್ನಾಗಿಯೇ ಇತ್ತು, ಅವರೆಕಾಯಿ ಸುಲಿಯುತ್ತಾ ವಿಡಿಯೊ ಓಡಿಸಿದ್ದು ನನ್ನ ತಪ್ಪು. ಆದರೆ ಪಕ್ಕದಲ್ಲಿ ಮಾತಾಡೋಕೆ ಯಾರೂ ಇಲ್ಲ ಅಲ್ವಾ? ಅದಕ್ಕೇ ನಾವು ಆರು ಜನ ಸೇರಿ, ಪರದೆಯ ಮೇಲೆ ನಾವೇ ಗೊಂಬೆಗಳಾಗಿ ಓಡಾಡಿ ಮಾತಾಡುವ ಮೂರು ಆನ್‌ಲೈನ್ ಲೋಕಗಳನ್ನು ಒಂದೊಂದಾಗಿ ನೋಡಿದೆವು.

ಮೊದಲು ಸೆಕೆಂಡ್ ಲೈಫ್. 2003ರಿಂದ ಇರುವ ಲೋಕ, ನಮ್ಮ ಲ್ಯಾಪ್‌ಟಾಪೂ ಆ ಕಾಲದ್ದೇನೋ ಅನ್ನಿಸಿತು, ಯಾಕೆಂದರೆ ನನ್ನ ಗೊಂಬೆ ಎಷ್ಟೋ ಹೊತ್ತು ಬರೀ ಹೊಗೆಯ ಮೋಡವಾಗಿ ನಿಂತಿತ್ತು. ಬೇರೆ ಸಾಫ್ಟ್‌ವೇರ್ ಇಳಿಸಿಕೊಳ್ಳಬೇಕು, ನಡೆಯೋದು ಕಲಿಯೋಕೇ ಒಂದು ಸಂಜೆ. ಹಾರಲೂ ಬರುತ್ತದೆ, ಒಬ್ಬರು ಸರ್ ಅದರಲ್ಲೇ ಮುಳುಗಿದ್ದರು. ಅಲ್ಲಿ ಟೈಪ್ ಮಾಡಿದ ಮಾತು 20 ಮೀಟರ್‌ವರೆಗೆ ಇರುವವರಿಗೆ ಮಾತ್ರ ಹೋಗುತ್ತದೆ, ಪಿಸುಗುಟ್ಟಿದರೆ 10, ಕೂಗಿದರೆ 100. ಇದು ಗೊತ್ತಿಲ್ಲದೆ ಎರಡು ಗುಂಪು ಪಕ್ಕಪಕ್ಕ ಕೂತು, ಅವರ ವಿಜ್ಞಾನ ನಮ್ಮ ಗಣಿತದೊಳಗೆ ಬಂದು ಬೀಳುತ್ತಿತ್ತು. ಆಮೇಲೆ ಒಂದು ಗುಂಪನ್ನು ಮರದಾಚೆ ಕಳಿಸಿದೆವು. ಒಂದೊಂದು ಜಾಗವೂ 256 ಮೀಟರ್ ಉದ್ದ, ಅಷ್ಟೇ ಅಗಲ, ದೂರ ಕೂರಲು ಏನೂ ತೊಂದರೆ ಇಲ್ಲ. (ಹೋಗುವವರು ಜನರಲ್ ಅಂತ ಗುರುತಿರುವ ಜಾಗಕ್ಕೇ ಹೋಗಿ. ದೊಡ್ಡವರಿಗಷ್ಟೇ ಮೀಸಲಾದ ಜಾಗಗಳೂ ಅಲ್ಲಿವೆ.)

ಇಷ್ಟೆಲ್ಲ ಕಿರಿಕಿರಿ ಇದ್ದರೂ ನನ್ನ ಓಟು ಅರ್ಧ ಇದಕ್ಕೇ. ಸುತ್ತಲಿನ ಶಾಲೆಗಳ ಟೀಚರ್‌ಗಳು ಸೇರುವ ಕ್ಲಸ್ಟರ್ ಸಭೆಯಲ್ಲಿ ಒಂದು ದಿನವೂ ಬಾಯಿ ಬಿಡದ ಹಿರಿಯ ಸರ್ ಒಬ್ಬರು ಅಲ್ಲಿ ಎದ್ದು ನಿಂತು ಪಾಠ ಮಾಡಿದರು. ನಾವೈವರು ಮಕ್ಕಳಾಗಿ ಬೇಕಂತಲೇ ತಪ್ಪು ಉತ್ತರ ಹೇಳಿದೆವು, ಒಬ್ಬಳು ಎದ್ದು ಹೊರಗೇ ಹೋದಳು, ಅವರು ಒಂಚೂರೂ ಗಾಬರಿಯಾಗಲಿಲ್ಲ. ‘ಮುಖ ಕಾಣಲ್ಲವಲ್ಲ ಮೇಡಂ’ ಅಂದರು, ಅಷ್ಟೇ.

ಗ್ಯಾದರ್ ಇದಕ್ಕೆ ಪೂರ್ತಿ ಉಲ್ಟಾ. ಹಳೇ ವಿಡಿಯೊ ಗೇಮ್ ಥರದ ಚಪ್ಪಟೆ ನಕ್ಷೆ, ಬ್ರೌಸರ್‌ನಲ್ಲೇ ತೆರೆಯುತ್ತದೆ, ಬಾಣದ ಕೀಗಳಲ್ಲಿ ನಡೆಯುವುದು. ಯಾರ ಹತ್ತಿರ ಹೋಗುತ್ತೀರೋ ಅವರ ವಿಡಿಯೊ ಮೇಲೆ ಬರುತ್ತದೆ, ದೂರ ಸರಿದರೆ ಮಾಯ. ನಾನು ನಮ್ಮ ಶಾಲೆಯದ್ದೇ ನಕ್ಷೆ ಮಾಡಿ, ಬೇವಿನ ಮರದ ಕೆಳಗೆ ಒಂದು ಟೀ ಮೂಲೆ ಇಟ್ಟೆ. ಮೊದಲ ದಿನವೇ ಎಲ್ಲರೂ ಅಲ್ಲೇ! ಚಿಕ್ಕ ತರಗತಿಗಳ ನಲಿ-ಕಲಿ ಕಾರ್ಡು ಹರಿದುಹೋಗದ ಹಾಗೆ ಇಡುವುದು ಹೇಗೆ ಅನ್ನುವುದೇ ಮುಕ್ಕಾಲು ಗಂಟೆ ನಡೆಯಿತು. ನಾವು ಬಳಸಿದಾಗ ಉಚಿತ ಖಾತೆಗೆ ಹತ್ತು ಜನರ ಮಿತಿ ಇತ್ತು, ಕ್ಲಸ್ಟರ್ ಪೂರ್ತಿ ಸೇರಿಸೋಕೆ ಆಗುತ್ತಿರಲಿಲ್ಲ. ಇಲ್ಲಿ ಪಾಠ ಮಾಡಿ ತೋರಿಸಿ ಅಂದರೆ ಮಾತ್ರ ಅದೇ ಹಿರಿಯ ಸರ್ ಕ್ಯಾಮೆರಾ ಆಫ್ ಮಾಡಿ ಟೀ ಮೂಲೆಗೆ ಹೋಗಿ ನಿಂತುಬಿಟ್ಟರು.

ಮೊಜಿಲ್ಲಾ ಹಬ್ಸ್ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ. ಲಿಂಕ್ ಒತ್ತಿದರೆ ಸಾಕು, ಮೂರು ಆಯಾಮದ ಕೋಣೆ, ಕಲಿಯೋಕೆ ಸುಲಭ. 2024ರ ಮೇ 31ಕ್ಕೆ ಮೊಜಿಲ್ಲಾ ಆ ಸೇವೆ ನಿಲ್ಲಿಸಿತು. ಮೊದಲೇ ತಿಳಿಸಿದ್ದರೂ ನಮ್ಮ ಕೋಣೆಯನ್ನು ಉಳಿಸಿಕೊಳ್ಳದೇ ಇದ್ದದ್ದು ನಮ್ಮ ಸೋಮಾರಿತನ. ಅದರ ಕೋಡ್ ಮುಕ್ತವಾಗಿದೆ, ಸ್ವಂತ ಸರ್ವರ್ ನಡೆಸಬಲ್ಲವರು ಈಗಲೂ ನಡೆಸಬಹುದು. ನಮಗೆ ಶಾಲೆಯ ಪ್ರೊಜೆಕ್ಟರ್ ನಡೆಸುವುದೇ ಸಾಕಾಗಿದೆ.

ಬರೀ ಫೋನ್ ಇರುವವರಿಗೆ ಇವ್ಯಾವೂ ಬೇಡ, ಮಾಮೂಲಿ ವಿಡಿಯೊ ಕಾಲ್ ಸಾಕು. ಲ್ಯಾಪ್‌ಟಾಪ್ ಇದ್ದರೆ ಹರಟೆಗೆ ಗ್ಯಾದರ್, ಪಾಠ ಮಾಡಿ ನೋಡೋಕೆ ಸೆಕೆಂಡ್ ಲೈಫ್. ನಾವೀಗ ಎರಡನ್ನೂ ಇಟ್ಟುಕೊಂಡಿದ್ದೇವೆ. ನಿನ್ನೆ ರಾತ್ರಿ ಆ ಹಿರಿಯ ಸರ್ ಗ್ರೂಪ್‌ನಲ್ಲಿ ಕೇಳಿದ್ದಾರೆ, ‘ಶನಿವಾರ ವಿದ್ಯುತ್ ಪಾಠ. ಯಾರ್ಯಾರು ಮಕ್ಕಳಾಗ್ತೀರಿ?’