ಮಿರುಗುವ 63ಕ್ಕಿಂತ ಮಂಕಾದ 58 ಮೇಲು: ಮೂರು ಹಾಫ್ ಡಾಲರ್‌ಗಳನ್ನು ಕೊಂಡ ಅನುಭವ

ಮೂರು ಕೊಂಡೆ, ಉಳಿಸಿಕೊಂಡದ್ದು ಒಂದನ್ನೇ: 1827ರ ಕ್ಯಾಪ್ಡ್ ಬಸ್ಟ್ ಹಾಫ್ ಡಾಲರ್, ಅಂದರೆ ಟೋಪಿ ಹಾಕಿದ ಲಿಬರ್ಟಿಯ (ಸ್ವಾತಂತ್ರ್ಯ ದೇವಿಯ) ಚಿತ್ರವಿರುವ ಅಮೆರಿಕದ ಅರ್ಧ ಡಾಲರ್ ಬೆಳ್ಳಿ ನಾಣ್ಯ. ಎಯು 58 ದರ್ಜೆಯದು, ಅಂದರೆ 70ರವರೆಗಿನ ಅಳತೆಯಲ್ಲಿ ಒಂದಿಷ್ಟೇ ಸವೆದದ್ದು. ಗ್ರೇಡ್ ಆಗಿ ಸ್ಲ್ಯಾಬ್‌ನಲ್ಲೇ (ದರ್ಜೆ ಕಟ್ಟುವ ಸಂಸ್ಥೆ ಮುಚ್ಚಿ ಕೊಡುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ) ಇತ್ತು, 480 ಡಾಲರ್ ಕೊಟ್ಟೆ. ಮೈಯೆಲ್ಲ ಬೂದು ಬಣ್ಣ, ಅಂಚಿಗೆ ಹೋದಂತೆ ತೆಳು ನೀಲಿ. ಅಮೆರಿಕದ ಮೊದಮೊದಲ ಬೆಳ್ಳಿ ನಾಣ್ಯಗಳನ್ನು ಒಳ್ಳೆಯ ದರ್ಜೆಯಲ್ಲೇ ಕೂಡಿಡಬೇಕು, ಆದರೆ ಒಂದೊಂದಕ್ಕೆ ಐನೂರು ಡಾಲರ್ ದಾಟಬಾರದು ಅನ್ನುವವರು ಯಾರೇ ಕೇಳಿದರೂ ನಾನು ಹೇಳುವುದು ಇದನ್ನೇ.

ಇಷ್ಟು ದುಡ್ಡಿಗೆ ಇಂಥ ನಾಣ್ಯ ಸಿಗುವುದಕ್ಕೆ ಕಾರಣವಿದೆ. 1804ರಲ್ಲಿ ಬೆಳ್ಳಿ ಡಾಲರ್ ಅಚ್ಚು ಹಾಕುವುದು ನಿಂತುಹೋಯಿತು. ಚಲಾವಣೆಗೆ ಅದು ಮತ್ತೆ ಬಂದದ್ದು ಮೂರು ದಶಕ ಕಳೆದ ಮೇಲೆ. ಅಲ್ಲಿಯವರೆಗೆ ದೇಶದ ಅತಿ ದೊಡ್ಡ ಬೆಳ್ಳಿ ನಾಣ್ಯ ಎಂದರೆ ಹಾಫ್ ಡಾಲರೇ. ಬ್ಯಾಂಕುಗಳು ಇದನ್ನು ಚೀಲಗಟ್ಟಲೆ ತಿಜೋರಿಯಲ್ಲಿಟ್ಟವು. ಒಂದು ಬ್ಯಾಂಕು ಇನ್ನೊಂದಕ್ಕೆ ಬಾಕಿ ತೀರಿಸುವಾಗ ಚೀಲವೇ ಕೈ ಬದಲಾಗುತ್ತಿತ್ತು. ಜನರ ಜೇಬಿಗೆ ಬಿದ್ದು ಸವೆದದ್ದು ಕಡಿಮೆ. 1827 ಒಂದೇ ವರ್ಷದಲ್ಲಿ ಫಿಲಡೆಲ್ಫಿಯಾ ಟಂಕಸಾಲೆ 54 ಲಕ್ಷಕ್ಕೂ ಹೆಚ್ಚು ಹಾಫ್ ಡಾಲರ್ ಟಂಕಿಸಿತ್ತು.

ಆದರೆ ನಾನು ಮೊದಲು ಕೊಂಡದ್ದು ಇದನ್ನಲ್ಲ. ನಾಣ್ಯ ಪ್ರದರ್ಶನವೊಂದರಲ್ಲಿ 1831ರ ಹಾಫ್ ಡಾಲರ್ ಕಣ್ಣಿಗೆ ಬಿತ್ತು. ಇದೂ ಟಂಕಸಾಲೆಯ ಕೆತ್ತನೆಗಾರ ಜಾನ್ ರೈಕ್ ಕೊರೆದ ಅದೇ ವಿನ್ಯಾಸದ್ದೇ. ಸ್ಲ್ಯಾಬ್ ಇರಲಿಲ್ಲ, ರಟ್ಟಿನ ಹೋಲ್ಡರ್ ಮೇಲೆ ಪೆನ್ನಿನಲ್ಲಿ 'ಎಂಎಸ್ 63' ಎಂದು ಬರೆದಿತ್ತು, ಅಂದರೆ ಸವೆತವೇ ಇಲ್ಲದ ದರ್ಜೆ. ಬೆಳ್ಳಗೆ, ಹೊಸದಾಗಿ ಅಚ್ಚಿನಿಂದ ಬಿದ್ದ ಹಾಗೆ ಮಿರಮಿರ ಮಿರುಗುತ್ತಿತ್ತು. ನಮ್ಮ ಮನೆಯಲ್ಲಿ ಗೌರಿ ಹಬ್ಬ ಬಂತೆಂದರೆ ಕುಂಕುಮ ಭರಣಿ, ದೀಪದ ಕಂಬಗಳನ್ನೆಲ್ಲ ವಿಭೂತಿ ಹಾಕಿ ಉಜ್ಜುವುದು ನನ್ನ ಪಾಲಿನ ಕೆಲಸವಾಗಿತ್ತು. ಬೆಳ್ಳಿ ಅಂದರೆ ಹೊಳೆಯಬೇಕು ಅನ್ನುವುದು ಕಣ್ಣಿಗೆ ಆಗಿನಿಂದಲೇ ಅಂಟಿಬಿಟ್ಟಿದೆ. ಬಜೆಟ್ ಮೀರಿದರೂ 825 ಡಾಲರ್ ಎಣಿಸಿಕೊಟ್ಟೆ.

ಗ್ರೇಡಿಂಗ್‌ಗೆ ಕಳಿಸಿದೆ. ತಿಂಗಳಾದ ಮೇಲೆ ಅಂಕಿಯೇ ಇಲ್ಲದ ಚೀಟಿಯೊಂದಿಗೆ ವಾಪಸ್ ಬಂತು: 'ಎಯು ಡೀಟೇಲ್ಸ್, ಕ್ಲೀನ್ಡ್'. ಅಂದರೆ ಯಾರೋ ಹಿಂದೆಂದೋ ತೊಳೆದು ಉಜ್ಜಿದ್ದಾರೆ, ಇದಕ್ಕೆ ದರ್ಜೆ ಕೊಡಲಾಗದು ಎಂದರ್ಥ.

ಅವತ್ತು ರಾತ್ರಿ ಕೋಣೆಯ ದೀಪಗಳನ್ನೆಲ್ಲ ಆರಿಸಿ, ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ನಿಧಾನವಾಗಿ ಓರೆ ಮಾಡುತ್ತಾ ನೋಡಿದೆ. ಅಚ್ಚಿನ ಪೆಟ್ಟು ಬಿದ್ದಾಗ ಬೆಳ್ಳಿ ನಡುವಿನಿಂದ ಅಂಚಿನತ್ತ ಹರಿಯುತ್ತದೆ. ಹರಿದ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಮೇಲ್ಮೈಯಲ್ಲಿ ಉಳಿಯುತ್ತದೆ. ಅದರಿಂದಲೇ ನಾಣ್ಯ ತಿರುಗಿಸಿದಾಗ ಬೆಳಕಿನ ಪಟ್ಟಿಯೊಂದು ಬಂಡಿಚಕ್ರದ ಅರೆಕಾಲಿನಂತೆ ಸುತ್ತುವುದು. ಇದರಲ್ಲಿ ಬೆಳಕು ಸುತ್ತಲೇ ಇಲ್ಲ. ಅಲ್ಯೂಮಿನಿಯಂ ಹಾಳೆಯ ಮೇಲೆ ಬಿದ್ದ ಹಾಗೆ ಚಪ್ಪಟೆಯಾಗಿ ನಿಂತಿತು. ಇನ್ನಷ್ಟು ಓರೆ ಮಾಡಿದಾಗ ಲಿಬರ್ಟಿಯ ಮುಖದ ಮುಂದಿನ ಬಯಲಿನಲ್ಲಿ ಕೂದಲೆಳೆಯಂಥ ಗೀರುಗಳು ಸಾಲಾಗಿ ಎದ್ದವು. ಎಲ್ಲವೂ ಒಂದೇ ದಿಕ್ಕಿಗೆ. ಸ್ವಲ್ಪ ಅಲುಗಿಸಿದರೆ ಮಾಯ. ನಕ್ಷತ್ರಗಳ ಬುಡಕ್ಕೆ ಬರುವಷ್ಟರಲ್ಲಿ ಗೀರು ನಿಂತುಹೋಗುತ್ತಿತ್ತು, ಏಕೆಂದರೆ ಬಟ್ಟೆ ಆ ಸಂದಿಗೆ ಇಳಿಯುವುದಿಲ್ಲ.

ಪ್ರದರ್ಶನದ ಸಭಾಂಗಣದಲ್ಲಿ ಮೇಲಿನಿಂದ ನೂರಾರು ಟ್ಯೂಬ್‌ಲೈಟ್. ಎಲ್ಲ ಕಡೆಯಿಂದ ಬೆಳಕು ಬಿದ್ದರೆ ಇಂಥ ಗೀರು ಕಾಣುವುದೇ ಇಲ್ಲ. ಆ ಬಿಳುಪೂ ಮೂಲದ್ದಲ್ಲ. ಇನ್ನೂರು ವರ್ಷದಲ್ಲಿ ಗಾಳಿಯ ಗಂಧಕ ತಗುಲಿ ಬೆಳ್ಳಿಯ ಮೇಲೆ ಬಣ್ಣ ಕೂರುತ್ತದೆ. ಆಮ್ಲದ ದ್ರಾವಣದಲ್ಲಿ ಅದ್ದಿದರೆ ಬಣ್ಣದ ಜೊತೆ ಆ ಸಣ್ಣ ಗೆರೆಗಳ ತುದಿಯೂ ಕರಗುತ್ತದೆ. ಕರಗಿದ್ದು ಮತ್ತೆ ಬರುವುದಿಲ್ಲ. ಮಾರಿದವರನ್ನು ಕೇಳಿದರೆ, ರಟ್ಟಿನ ಮೇಲೆ ಬರೆದದ್ದು ತಮ್ಮ ಅಭಿಪ್ರಾಯ ಅಷ್ಟೇ ಎಂದು ಕೈಚೆಲ್ಲಿದರು. ಕೊನೆಗೆ 410 ಡಾಲರ್‌ಗೆ ಕೊಟ್ಟು ಕೈತೊಳೆದುಕೊಂಡೆ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಈಗ ಜೇಬಿನಲ್ಲಿ ಸಣ್ಣ ಟಾರ್ಚ್ ಇಲ್ಲದೆ ಯಾವ ಪ್ರದರ್ಶನಕ್ಕೂ ಹೋಗುವುದಿಲ್ಲ, ಸ್ಲ್ಯಾಬ್ ಇಲ್ಲದ ನಾಣ್ಯಕ್ಕೆ ನೂರು ಡಾಲರ್ ಮೇಲೆ ಕೊಡುವುದಿಲ್ಲ.

ಎರಡನೆಯದು 1806ರ ಡ್ರೇಪ್ಡ್ ಬಸ್ಟ್ (ಬಟ್ಟೆ ಹೊದ್ದ ಲಿಬರ್ಟಿಯ ಹಳೆಯ ವಿನ್ಯಾಸ) ಹಾಫ್ ಡಾಲರ್, ಹದ್ದಿನ ಎದೆಗೆ ಗುರಾಣಿ ಇರುವ ಬಗೆ. ಚಂದದ ವಿಷಯದಲ್ಲಿ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ. ಆದರೆ 500 ಡಾಲರ್‌ಗೆ ನನಗೆ ಸಿಕ್ಕಿದ್ದು ವಿಎಫ್ 30. ಕೂದಲ ಸುರುಳಿ ಅರ್ಧ ಸವೆದಿತ್ತು, ನಕ್ಷತ್ರಗಳು ಮೊದಲೇ ಸರಿಯಾಗಿ ಮೂಡಿರಲಿಲ್ಲ. ಹದ್ದಿನ ಮೇಲೆ ಅರದ ಗೀರುಗಳಿದ್ದವು, ಅದು ದೋಷವಲ್ಲ. ಬಿಲ್ಲೆಯ ತೂಕ ಹೆಚ್ಚಾದರೆ ಟಂಕಸಾಲೆಯವರೇ ಅರದಿಂದ ಉಜ್ಜಿ ಇಳಿಸುತ್ತಿದ್ದರು, ಆಮೇಲೆ ಅಚ್ಚು ಬೀಳುತ್ತಿತ್ತು. ನನ್ನನ್ನು ಕಾಡಿದ್ದು ಬೇರೆ. ಈ ನಾಣ್ಯದ ಎರಡೂ ಮುಖದಲ್ಲಿ ಬೆಲೆ ಬರೆದಿಲ್ಲ, 'ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್' ಎಂಬ ಬರಹ ಇರುವುದು ಅಂಚಿನಲ್ಲಿ ಮಾತ್ರ. ನನ್ನ ಸ್ಲ್ಯಾಬ್‌ನ ಬಿಳಿ ಬಳೆ ಆ ಅಂಚನ್ನೇ ಮುಚ್ಚಿಬಿಟ್ಟಿತ್ತು. ಹಾಕಿದ ದುಡ್ಡಿಗೇ ಮಾರಿದೆ.

ಕ್ಯಾಪ್ಡ್ ಬಸ್ಟ್ ಹಾಫ್ ಡೈಮ್ (ಐದು ಸೆಂಟಿನ ಬೆಳ್ಳಿ ನಾಣ್ಯ) ಕೂಡ ಅಗ್ಗಕ್ಕೆ ಒಳ್ಳೆಯ ದರ್ಜೆಯಲ್ಲಿ ಸಿಗುತ್ತದೆ, ಆದರೆ ತೀರಾ ಪುಟ್ಟದು, ಭೂತಗನ್ನಡಿ ಇಲ್ಲದೆ ನೋಡುವ ಸುಖವಿಲ್ಲ.

ಇನ್ನು ನನ್ನ 1827. ಕೆನ್ನೆ, ಟೋಪಿಯ ಪಟ್ಟಿಯ ಮೇಲಿನ ಮಡಿಕೆ, ಹದ್ದಿನ ರೆಕ್ಕೆಯ ಮೇಲಂಚು, ಈ ಮೂರು ಕಡೆ ಮಾತ್ರ ಸವೆದ ಬೂದು. ಮಿಕ್ಕ ಕಡೆ ಟಾರ್ಚ್ ತಾಗಿಸಿದರೆ ಬಣ್ಣದ ಅಡಿಯಿಂದ ಬೆಳಕು ಎದ್ದು ಪೂರ್ತಿ ಒಂದು ಸುತ್ತು ಬರುತ್ತದೆ, ಅಕ್ಷರಗಳ ಸಂದಿಯಲ್ಲಂತೂ ಕೆಂಡದ ಹಾಗೆ. ಇದರ ಅಂಚಿನ ಬರಹವೂ ಸ್ಲ್ಯಾಬ್‌ನಲ್ಲಿ ಮುಚ್ಚಿಹೋಗಿದೆ, ಆದರೆ ಹದ್ದಿನ ಕೆಳಗೆ '50 ಸಿ.' ಎಂದಾದರೂ ಇದೆ. ನಾನು ವರ್ಷಕ್ಕೆ ಎರಡು ನಾಣ್ಯ ಕೊಳ್ಳುವವನು, ರಾತ್ರಿ ಊಟವಾದ ಮೇಲೆ ದೀಪದ ಕೆಳಗೆ ಹತ್ತು ನಿಮಿಷ ತಿರುಗಿಸಿ ನೋಡುವವನು. ಮರುಮಾರಾಟದ ಲೆಕ್ಕ ಹಾಕುವವರಿಗೆ 63, 64ರ ಅಂಕಿಯೇ ಬೇಕಾದೀತು. ನನಗೆ ಬೇಕಾದದ್ದು ಯಾರೂ ಉಜ್ಜದ ಮೈ.

ಮುಂದಿನದು 1814ರದು. ಪಕ್ಕದ 1815 ಟಂಕಿಸಿದ್ದೇ 47,150, ಅದು ನನ್ನ ಕೈಗೆ ಎಟುಕುವ ಮಾತಲ್ಲ. 1814ರಲ್ಲಿ ಎಕ್ಸ್‌ಎಫ್ 45 ಆದರೂ ಸರಿ, ಬಣ್ಣ ಮಾತ್ರ ಹಳೆಯದೇ ಇರಬೇಕು. ಇದುವರೆಗೆ ಮೂರು ನೋಡಿದ್ದೇನೆ, ಮೂರನ್ನೂ ತೊಳೆದಿದ್ದರು.